ಸೆಕೆಂಡ್ ಗೇರಿನಲ್ಲಿ ನಿಲ್ಲದ ಗಾಡಿ

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ದಾಟಿ ಉತ್ತರಕ್ಕೆ ತಿರುಗಿದರೆ ಕಹೋನ್ ಪಾಸ್ ಏರು ಶುರುವಾಗುತ್ತದೆ. ಹದಿನೈದನೇ ನಂಬರಿನ ಹೆದ್ದಾರಿ. ಬಲಗಡೆಯ ಲೇನಿನಲ್ಲಿ ಟ್ರಕ್ಕುಗಳು ಸಾಲುಗಟ್ಟಿ ಏದುಸಿರು ಬಿಡುತ್ತಾ ಹತ್ತುತ್ತಿರುತ್ತವೆ. ಹೋದ ವರ್ಷ ಮೇ ತಿಂಗಳ ಒಂದು ಬೆಳಗ್ಗೆ ಆ ಸಾಲಿನ ನಡುವೆ ನಾನೂ ಇದ್ದೆ, 1931ರ ಫೋರ್ಡ್ ಮಾಡೆಲ್ ಎ ಕೂಪೆಯಲ್ಲಿ, ಎರಡು ಬಾಗಿಲಿನ ಹಳೆಯ ಕಾರಿನಲ್ಲಿ. ಎಡಗೈ ಸ್ಟೀರಿಂಗ್ ಮೇಲೆ, ಬಲಗೈ ಗೇರ್ ಲಿವರ್ ಮೇಲೆ. ಸುಮ್ನೆ ಇಟ್ಟುಕೊಂಡಿದ್ದಲ್ಲ, ಮುಂದಕ್ಕೆ ಒತ್ತಿ ಹಿಡಿದಿದ್ದೆ. ಮುಂದಿನ ಟ್ರಕ್ಕು ನಿಧಾನವಾದಾಗ ನಾನೂ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ತೆಗೆದ ತಕ್ಷಣ ಲಿವರ್ ನನ್ನ ಅಂಗೈಯನ್ನು ನೂಕುತ್ತಿತ್ತು, ಕಟ್ಟಿಹಾಕಿದ ಕರು ಹಗ್ಗ ಜಗ್ಗಿದ ಹಾಗೆ. ಕೈ ಸ್ವಲ್ಪ ಸಡಿಲವಾದರೂ ಸೆಕೆಂಡ್ ಗೇರು ಠಪ್ ಅಂತ ಹಾರಿ ನ್ಯೂಟ್ರಲ್. ಮತ್ತೆ ಕಾಲು ಒತ್ತಿದರೆ ಎಂಜಿನ್ ಮಾತ್ರ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಂದಿನ ಟ್ರಕ್ಕಿನವನ ಹಾರ್ನು ಕಿವಿಯ ಪಕ್ಕದಲ್ಲೇ ಕೇಳುತ್ತದೆ.

ಮೂರನೇ ಸಲ ಹಾಗಾದಾಗ ನನಗೆ ಜೋರಾಗಿ ನಗು ಬಂತು. ಈ ಕೆಲಸ ನನಗೆ ಹೊಸದಲ್ಲ. ನಲವತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ನನಗೆ ಸಂಬಳವೂ ಇತ್ತು. ಒಂದು ಗೋಲಿ ಸೋಡಾ.

ನಮ್ಮ ದೊಡ್ಡಪ್ಪನಿಗೆ ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ, ತೋಟಕ್ಕೊಂದು ಮಹೀಂದ್ರ ಜೀಪು. ಸಿಜೆ3ಬಿ. ಆ ಕಾಲದ ಎಷ್ಟೋ ಜೀಪುಗಳ ಹಾಗೆ ಅದರ ಸ್ಟೀರಿಂಗ್ ಎಡಗಡೆಗೆ. ಹಿಂದೆ 'ಲೆಫ್ಟ್ ಹ್ಯಾಂಡ್ ಡ್ರೈವ್' ಅಂತ ಬಿಳಿ ಬಣ್ಣದಲ್ಲಿ ಬರೆದಿತ್ತು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಡ್ರೈವರ್ ಸೆಕೆಂಡಿನಲ್ಲೇ ಇಳಿಸುತ್ತಿದ್ದರು. ಬ್ರೇಕಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಆದರೆ ಕಾಲು ತೆಗೆದ ಕೂಡಲೇ ಸೆಕೆಂಡು ಹಾರುತ್ತಿತ್ತು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ನೀರು ಸುರಿಯುವ ಬಂಡೆ, ನಡುವೆ ನ್ಯೂಟ್ರಲ್‌ನಲ್ಲಿ ಉರುಳುವ ಜೀಪು. ಅದಕ್ಕೇ ಬಲಗಡೆ ಸೀಟಿನಲ್ಲಿ ಕೂತ ನನಗೆ ಒಂದೇ ಕೆಲಸ. ಎರಡೂ ಕೈಯಿಂದ ಲಿವರನ್ನು ಮುಂದಕ್ಕೆ ಒತ್ತಿ ಹಿಡಿಯುವುದು. ನಾನಿಲ್ಲದ ದಿನ ಆ ಕೆಲಸವನ್ನು ಸೈಕಲ್ ಟ್ಯೂಬಿನ ಒಂದು ತುಂಡು ಮಾಡುತ್ತಿತ್ತು, ಲಿವರಿನಿಂದ ಡ್ಯಾಶ್‌ಬೋರ್ಡಿಗೆ ಕಟ್ಟಿಕೊಂಡು.

ಗೇರು ಹಾಕಲು ಕಲಿತದ್ದೂ ಆ ಜೀಪಿನಲ್ಲೇ, ಕಾಫಿ ಒಣಗಿಸುವ ಕಣದಲ್ಲಿ. ಮೂರೇ ಗೇರು. ಎಡಕ್ಕೆ ಎಳೆದು ಮುಂದಕ್ಕೆ ದೂಡಿದರೆ ರಿವರ್ಸು, ಹಿಂದಕ್ಕೆ, ಅಂದರೆ ನಮ್ಮ ಕಡೆಗೆ ಎಳೆದರೆ ಫಸ್ಟು. ಬಲಕ್ಕೆ ಬಂದು ಮುಂದೆ ಸೆಕೆಂಡು, ಹಿಂದೆ ಟಾಪು. ಫಸ್ಟ್ ಗೇರಿಗೆ ಸಿಂಕ್ರೋ, ಅಂದರೆ ಕೂಡುವ ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು, ಇರಲಿಲ್ಲ. ಗಾಡಿ ಓಡುತ್ತಿರುವಾಗ ಸೆಕೆಂಡಿನಿಂದ ಫಸ್ಟಿಗೆ ಇಳಿಸಬೇಕಾದರೆ ಡಬಲ್ ಕ್ಲಚ್ಚೇ ಗತಿ. ಕ್ಲಚ್ ಒತ್ತು, ನ್ಯೂಟ್ರಲ್ ಮಾಡು, ಕ್ಲಚ್ ಬಿಡು, ಆಕ್ಸಿಲರೇಟರಿಗೆ ಒಂದು ಒದೆ ಕೊಡು, ಮತ್ತೆ ಕ್ಲಚ್ ಒತ್ತು, ಆಮೇಲೆ ಎಳಿ. ಒದೆ ಹೆಚ್ಚಾದರೂ ಕಿರ್ರ್, ಕಡಿಮೆಯಾದರೂ ಕಿರ್ರ್. ಪ್ರತಿ ಕಿರ್ರಿಗೂ ಡ್ರೈವರ್ ಬೀಡಿ ಬಾಯಿಂದ ತೆಗೆದು, 'ಒಂದು ಹಲ್ಲು ಹೋಯ್ತು, ಇನ್ನೆಷ್ಟಿದಾವೆ ಎಣಿಸ್ಕೊ' ಅನ್ನುತ್ತಿದ್ದರು. ಹಲ್ಲು ಗೇರಿನದೋ ನನ್ನದೋ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಆ ಕೈಗೆ ಈಗ ಐವತ್ತು ದಾಟಿದೆ. ಅದು ಮತ್ತೆ ಅದೇ ಎಚ್ ಆಕಾರದ ಮೂರು ಗೇರನ್ನು ಹಿಡಿದುಕೊಂಡು ಇನ್ನೊಂದು ಘಾಟಿ ಹತ್ತುತ್ತಿತ್ತು.

ಮೂವತ್ತೊಂಬತ್ತರ ಡಬ್ಬಿ

ನನ್ನ ಕೂಪೆಯಲ್ಲಿ ಮಾಡೆಲ್ ಎ ಆಗಿ ಉಳಿದಿರುವುದು ಬಾಡಿ ಮಾತ್ರ. ಎಂಜಿನ್ 1951ರ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8, 8ಬಿಎ ಅನ್ನುತ್ತಾರೆ. 239 ಘನ ಅಂಗುಲ, 100 ಅಶ್ವಶಕ್ತಿ. ಹಿಂದಿನ ಆಕ್ಸಲ್ ಕೂಡ ಹಳೆಯ ಫೋರ್ಡಿನದೇ, 3.78 ಅನುಪಾತದ್ದು, ಅಂದರೆ ಶಾಫ್ಟ್ 3.78 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ನಡುವೆ 1939ರ ಮೂರು ಗೇರಿನ ಬಾಕ್ಸು. ಹಳೆಯ ಕಾರಿಗೆ ಬೇರೆ ಎಂಜಿನ್ ಕೂರಿಸಿ ಹಾಟ್ ರಾಡ್ ಕಟ್ಟುವವರಿಗೆ ಈ ಮೂವತ್ತೊಂಬತ್ತರ ಬಾಕ್ಸು ಅಂದರೆ ಒಂಥರಾ ಭಕ್ತಿ. ಫ್ಲೋರ್ ಶಿಫ್ಟು, ಹಿಂದಿನವಕ್ಕಿಂತ ಒಳ್ಳೆಯ ಸಿಂಕ್ರೋ. ಮರುವರ್ಷ ಫೋರ್ಡ್ ಲಿವರನ್ನು ಸ್ಟೀರಿಂಗ್ ಕಾಲಮ್ಮಿಗೆ ಹತ್ತಿಸಿಬಿಟ್ಟಿತು. (ಹೈಡ್ರಾಲಿಕ್ ಬ್ರೇಕ್ ಫೋರ್ಡಿಗೆ ಬಂದದ್ದೂ 1939ರಲ್ಲೇ. ಹಾಗಾಗಿ ಆ ವರ್ಷದ ಪೆಡಲ್ಲುಗಳಿಗೂ ಅಷ್ಟೇ ಗಿರಾಕಿ.) ಯುದ್ಧ ಮುಗಿಸಿ ಬಂದ ಹುಡುಗರು ಒಣಕೆರೆಗಳ ಮೇಲೆ ರೇಸ್ ಓಡಿಸುವಾಗ ಇದೇ ಬಾಕ್ಸಿಗೆ ಲಿಂಕನ್ ಜೆಫೈರ್ ಕಾರಿನ ಗೇರುಗಳನ್ನು ತುಂಬುತ್ತಿದ್ದರು. ಫಸ್ಟಿನಲ್ಲೂ ಸೆಕೆಂಡಿನಲ್ಲೂ ಇನ್ನಷ್ಟು ವೇಗದವರೆಗೆ ಓಡಲಿ ಅಂತ.

ನಾನು ಇದನ್ನು ಕೊಂಡದ್ದು ಒಂದು ಸ್ವಾಪ್ ಮೀಟಿನಲ್ಲಿ, ಹಳೆಯ ಬಿಡಿಭಾಗಗಳ ಸಂತೆಯಲ್ಲಿ. ಮಾರಿದವನು 'ಪೂರ್ತಿ ರಿಪೇರಿ ಮಾಡಿದ್ದು' ಅಂದ. ನಾನು ಮುಚ್ಚಳ ತೆಗೆದು ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂತ ಹೆಂಡತಿ ಕೇಳಿದಾಗ ಹೇಳಲು ಉತ್ತರವಿರಲಿಲ್ಲ. ಹೊರಗೆ ಹೊಸ ಬೂದು ಬಣ್ಣ ಹೊಡೆದಿದ್ದರು, ಅದನ್ನೇ ನೋಡಿ ಮರುಳಾದೆ. ಮದುವೆಗೆ ಹೆಣ್ಣು ನೋಡಲು ಹೋಗಿ ಮನೆಯ ಸುಣ್ಣ ನೋಡಿ ಬಂದ ಹಾಗೆ.

ಆ ದಿನ ಕಹೋನ್ ಹತ್ತಿ ಹೇಗೋ ಎಲ್ ಮಿರಾಜ್ ತಲುಪಿದೆ. ಅದೊಂದು ಒಣಗಿದ ಕೆರೆಯಂಗಳ. 1937ರಲ್ಲಿ ಹುಟ್ಟಿದ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್‌ನವರು ಇವತ್ತಿಗೂ ಅಲ್ಲಿ ವೇಗ ಅಳೆಯುತ್ತಾರೆ. ನಾನು ಗಾಡಿ ನಿಲ್ಲಿಸಿ ನೀರು ಕುಡಿಯುತ್ತಿದ್ದೆ. ಎಂಬತ್ತರ ಆಸುಪಾಸಿನ ಒಬ್ಬರು ಕಿಟಕಿಯಲ್ಲಿ ಇಣುಕಿ ಲಿವರ್ ನೋಡಿದರು.

'ಮೂವತ್ತೊಂಬತ್ತರದಾ?'

'ಹೌದು.'

'ಸೆಕೆಂಡು ಹಾರುತ್ತಾ?'

'ಹಾರುತ್ತೆ.'

'ಹೂಂ,' ಅಂದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, 'ಬೆಲ್ ಹೌಸಿಂಗ್ ಅಳೆದಿದ್ದೀಯಾ?' ಅಂತ ಕೇಳಿದರು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಗಂಟೆಯಾಕಾರದ ಕವಚ ಅದು. ನಾನು ಅಳೆದಿರಲಿಲ್ಲ. ತಲೆ ಆಡಿಸಿ ಸುಮ್ಮನಾದೆ. ಆ ಪ್ರಶ್ನೆಯ ತೂಕ ಗೊತ್ತಾಗಲು ನನಗೆ ಇನ್ನೂ ಹತ್ತು ತಿಂಗಳು ಬೇಕಾಯಿತು.

ಎಲ್ಲರೂ ಐದನೆಯದನ್ನೇ ಹೊಗಳುತ್ತಾರೆ

ವಾಪಸ್ ಬಂದ ಮೇಲೆ ಮುಂದೇನು ಅಂತ ಯೋಚನೆ ಶುರುವಾಯಿತು. ಆಟೊಮ್ಯಾಟಿಕ್ ಹಾಕು ಅಂದವರೇ ಜಾಸ್ತಿ. ಅವರ ಜೊತೆ ವಾದ ಮಾಡಲಿಲ್ಲ. ಮಂಡಿ ನೋವಿದ್ದರೆ ಆಟೊಮ್ಯಾಟಿಕ್ ಒಳ್ಳೆಯದು. ನನಗಿನ್ನೂ ಬಂದಿಲ್ಲ.

ಷೆವರ್ಲೆಯ ನಾಲ್ಕು ಗೇರಿನ ಮನ್ಸಿ ಬಾಕ್ಸಿನ ಮೇಲೆ ನನಗೆ ಕಾಲೇಜು ಹುಡುಗನ ಥರ ಆಸೆ ಇತ್ತು. ಅದರಲ್ಲೂ ಎಂ22. ಅದರ ಹಲ್ಲುಗಳ ಓರೆ ಕಡಿಮೆ, ಹಾಗಾಗಿ ಓಡುವಾಗ ಒಂದು ಕೊರೆಯುವ ಸದ್ದು ಮಾಡುತ್ತದೆ. 'ಕಲ್ಲು ಪುಡಿ ಮಾಡುವ ಯಂತ್ರ' ಅಂತ ಅಡ್ಡ ಹೆಸರೇ ಇದೆ. ಸದ್ದಿಗಾಗಿ ಗೇರ್‌ಬಾಕ್ಸ್ ಕೊಳ್ಳುವುದು ತಪ್ಪೇನಲ್ಲ. ಆದರೆ ಅದರ ನಾಲ್ಕನೆಯದು ಒಂದಕ್ಕೊಂದು, ಅಂದರೆ ನನ್ನ ಹಳೆಯ ಟಾಪಿನಷ್ಟೇ. ಟ್ರೆಮೆಕ್‌ನ ಟಿಕೆಎಕ್ಸ್ ಅಂತ ಹೊಸದೊಂದಿದೆ, 600 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಚುವ ಬಲ, ತಡೆಯುತ್ತದಂತೆ. ನನ್ನ ಫ್ಲ್ಯಾಟ್‌ಹೆಡ್ ಕೊಡುವುದು ಸುಮಾರು 180. ಸೊಪ್ಪಿನ ಕಟ್ಟು ಹೊರಲು ಆನೆ ತಂದ ಹಾಗೆ. ಆ ಆನೆಗೆ ಜಾಗ ಮಾಡಲು ನೆಲವನ್ನೂ ಕತ್ತರಿಸಬೇಕು.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಬೋರ್ಗ್-ವಾರ್ನರ್ ಟಿ5 ಹತ್ತಿರ. ಎಂಬತ್ತರ ದಶಕದ ಐದು ಗೇರಿನ ಬಾಕ್ಸು. ಹಗುರ, ತೆಳ್ಳಗೆ, ಹಳೆಯ ಚಾಸಿಗೆ ಸುಮಾರಾಗಿ ಹೊಂದುತ್ತದೆ. ಇದನ್ನು ಹೊಗಳುವವರೆಲ್ಲ ಹೊಗಳುವುದು ಐದನೇ ಗೇರನ್ನೇ. ಓವರ್‌ಡ್ರೈವ್! ಎಂಜಿನ್ನಿಗಿಂತ ಶಾಫ್ಟೇ ಜೋರಾಗಿ ತಿರುಗುವ ಗೇರು ಅಂತ. ಲೆಕ್ಕ ಹಾಕಿ ನೋಡಿದೆ. ನನ್ನ ಹಿಂದಿನ ಟೈರು 29 ಅಂಗುಲ ಎತ್ತರ. ಗಂಟೆಗೆ 65 ಮೈಲಿಯಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುತ್ತದೆ. 0.68ರ ಐದನೆಯದರಲ್ಲಿ 1,940. ಅಂತರ ದೊಡ್ಡದೇ. ಫ್ಲ್ಯಾಟ್‌ಹೆಡ್‌ನಲ್ಲಿ ಎಕ್ಸಾಸ್ಟ್ ಬ್ಲಾಕಿನ ಒಳಗೇ ಹಾದು ಹೊರಗೆ ಬರುತ್ತದೆ, ಬಿಸಿಯನ್ನೆಲ್ಲ ನೀರಿಗೆ ಕೊಟ್ಟು ಬರುತ್ತದೆ. ಸುತ್ತು ಕಡಿಮೆಯಾದಷ್ಟೂ ರೇಡಿಯೇಟರಿಗೆ ನೆಮ್ಮದಿ. ಅದರ ಟಾರ್ಕ್ ತುದಿ ಮುಟ್ಟುವುದೂ 2,000 ಸುತ್ತಿನ ಆಸುಪಾಸಿನಲ್ಲೇ. ಎಲ್ಲ ಸರಿ. ಆದರೆ 55 ಮೈಲಿಗೆ ಇಳಿದರೆ ಐದನೆಯದರಲ್ಲಿ 1,640. ಎಂಜಿನ್ ತೂಕಡಿಸುತ್ತದೆ. ಅಂದರೆ ಐದನೇ ಗೇರು ಸಮತಟ್ಟು ಹೆದ್ದಾರಿಗೆ ಮಾತ್ರ.

ನನ್ನ ಕಷ್ಟ ಸಮತಟ್ಟಿನಲ್ಲಿ ಇರಲೇ ಇಲ್ಲ. ಕಹೋನಿನಲ್ಲಿ 45 ಮೈಲಿಯಲ್ಲಿ ಹತ್ತುವಾಗ ಟಾಪಿನಲ್ಲಿ 2,000 ಸುತ್ತೂ ಇಲ್ಲ, ಏರಿಗೆ ಎಂಜಿನ್ ನಡುಗುತ್ತದೆ. ಸೆಕೆಂಡಿಗೆ ಇಳಿಸಿದರೆ 3,000 ದಾಟಿ ಕೂಗುತ್ತದೆ. ಇವೆರಡರ ನಡುವೆ ಏನೂ ಇಲ್ಲ. ಚಾರ್ಮಾಡಿ ಹತ್ತುವಾಗ ಜೀಪಿಗೂ ಇದೇ ಗೋಳು. ಟಾಪಿನಲ್ಲಿ ಸಾಯುತ್ತಿತ್ತು, ಸೆಕೆಂಡಿನಲ್ಲಿ ಬೊಬ್ಬೆ ಹೊಡೆಯುತ್ತಿತ್ತು. ಟಿ5ರ ಮೂರನೇ ಗೇರು 1.29. ಅದೇ 45 ಮೈಲಿಗೆ 2,540 ಸುತ್ತು. ಈ ಅಂಕಿ ಕಾಗದದ ಮೇಲೆ ಬಂದಾಗ ಪೆನ್ನು ಕೆಳಗಿಟ್ಟೆ. ನನಗೆ ಬೇಕಾಗಿದ್ದದ್ದು ಎಲ್ಲರೂ ಹೊಗಳುವ ಐದನೆಯದಲ್ಲ. ಯಾರೂ ಬಾಯಿಬಿಡದ ಈ ಮೂರನೆಯದು. ಇಷ್ಟು ವರ್ಷ ಎರಡು ಘಾಟಿಗಳಲ್ಲಿ ನಾನು ಹುಡುಕುತ್ತಿದ್ದ ಗೇರು.

ಟಿ5 ಅಂದರೂ ಒಂದೇ ಜಾತಿಯಲ್ಲ. ಷೆವರ್ಲೆ ಎಸ್-10 ಪಿಕಪ್ಪಿನ ಟಿ5ರಲ್ಲಿ ಲಿವರ್ ಮುಂದಕ್ಕಿದೆ, ಮಾಡೆಲ್ ಎ ಸೀಟಿಗೆ ಸರಿಯಾಗಿ ಕೂರುತ್ತದೆ. ಆದರೆ ಅದರ ಫಸ್ಟು 4.03. ನನ್ನ ಆಕ್ಸಲ್ ಜೊತೆ ಗುಣಿಸಿದರೆ 15 ದಾಟುತ್ತದೆ. ಗದ್ದೆ ಉಳಬಹುದು, ಸಿಗ್ನಲ್ಲಿನಿಂದ ಹೊರಡಲಾಗದು. ಕ್ಲಚ್ ಬಿಡುವ ಮೊದಲೇ ಆ ಗೇರು ಮುಗಿದುಹೋಗಿರುತ್ತದೆ. ಫೋರ್ಡ್ ಮಸ್ಟಾಂಗಿನ ಟಿ5ರ ಫಸ್ಟು 3.35, ಅದು ಪರವಾಗಿಲ್ಲ. ಆದರೆ ಅದರ ಲಿವರ್ ತುಂಬಾ ಹಿಂದೆ, ಸೀಟಿನ ಬುಡಕ್ಕೇ ಬರುತ್ತದೆ. ಅದಕ್ಕೇ ಜನ ಮಿಶ್ರತಳಿ ಮಾಡುತ್ತಾರೆ. ಹೊಟ್ಟೆ ಮಸ್ಟಾಂಗಿನದು, ಬಾಲ ಎಸ್-10ದು. ನಾನು ಕೊಂಡದ್ದೂ ಅಂಥದ್ದೇ. ಈ ಸಲ ಮುಚ್ಚಳ ತೆಗೆಸಿ, ಟಾರ್ಚ್ ಹಾಕಿ, ಒಂದೊಂದೇ ಗೇರು ತಿರುಗಿಸಿ ನೋಡಿದೆ. ಮಾರುವವನು ಕಾಫಿ ಕುಡಿದು ಬಂದ. ನಾನಿನ್ನೂ ನೋಡುತ್ತಲೇ ಇದ್ದೆ. ಬಾಕ್ಸಿನ ಬೋಲ್ಟಿಗೆ 1352 ಅಂತ ಶುರುವಾಗುವ ನಂಬರಿನ ಸಣ್ಣ ತಗಡಿನ ಬಿಲ್ಲೆ ಇನ್ನೂ ನೇತಾಡುತ್ತಿತ್ತು. ಇದು 1985ರಿಂದ ಬಂದ 'ವರ್ಲ್ಡ್ ಕ್ಲಾಸ್' ಮಾದರಿ. ಹೆಸರು ಸ್ವಲ್ಪ ಜಾಸ್ತಿಯೇ ಆಯಿತು. ಇದಕ್ಕೆ ಮಾಮೂಲಿ ದಪ್ಪ ಗೇರ್ ಆಯಿಲ್ ಹಾಕಬಾರದು, ಆಟೊಮ್ಯಾಟಿಕ್‌ಗೆ ಹಾಕುವ ತೆಳು ಕೆಂಪು ಎಣ್ಣೆಯೇ ಬೇಕು. ಆಟೊಮ್ಯಾಟಿಕ್ ಬೇಡ ಅಂತ ಅಷ್ಟೆಲ್ಲ ಹೇಳಿದವನು ಕೊನೆಗೆ ಅದರ ಎಣ್ಣೆ ತರಲು ಹೋದೆ.

ಆ ಬಿಲ್ಲೆಯ ನಂಬರಿನ ಬೆನ್ನು ಹತ್ತಿ ಒಂದು ರಾತ್ರಿ ಓದುತ್ತಾ ಕೂತಾಗ ಇನ್ನೊಂದು ವಿಷಯ ಸಿಕ್ಕಿತು. ಟಿ5 ತಯಾರಾದದ್ದು ಇಂಡಿಯಾನಾದ ಮನ್ಸಿ ಅನ್ನುವ ಊರಿನಲ್ಲಿದ್ದ, ಬೋರ್ಗ್-ವಾರ್ನರ್‌ಗೆ ಸೇರಿದ ವಾರ್ನರ್ ಗೇರ್ ಕಾರ್ಖಾನೆಯಲ್ಲಿ. ವಿಲ್ಲೀಸ್ ಜೀಪಿನ ಮೂರು ಗೇರಿನ ಟಿ-90 ಬಾಕ್ಸು ಕೂಡ ವಾರ್ನರ್ ಗೇರ್‌ನವರದೇ. ಸಿಜೆ3ಬಿಯಲ್ಲಿ ಇದ್ದದ್ದು ಅದೇ ಟಿ-90. ಅಂದರೆ ಚಾರ್ಮಾಡಿಯಲ್ಲಿ ನಾನು ಎರಡು ಕೈಯಿಂದ ಒತ್ತಿ ಹಿಡಿಯುತ್ತಿದ್ದ ಆ ಡಬ್ಬಿ, ಈಗ ನನ್ನ ಗ್ಯಾರೇಜಿನ ಬೆಂಚಿನ ಮೇಲೆ ಕೂತ ಈ ಡಬ್ಬಿ, ಎರಡೂ ಒಂದೇ ಮನೆತನದವು. ಟಿ-90ರಲ್ಲಿ ಸೆಕೆಂಡು ಹಾರುವುದು ಹಳೇ ಜೀಪಿನವರಿಗೆಲ್ಲ ಗೊತ್ತಿರುವ ರೋಗವಂತೆ. ಡ್ರೈವರ್ ಅದನ್ನು ದೊಡ್ಡಪ್ಪನ ಜಿಪುಣತನದ ಲೆಕ್ಕಕ್ಕೆ ಬರೆದಿದ್ದರು. ಪಾಪ, ದೊಡ್ಡಪ್ಪ.

ಕೊಳವೆ ಬಿಚ್ಚಿದ ದಿನ

ಗೇರ್‌ಬಾಕ್ಸ್ ಬದಲಿಸುತ್ತೇನೆ ಅಂತ ಹೊರಟವನು ಅರ್ಧ ಗಾಡಿಯನ್ನೇ ಬದಲಿಸಬೇಕಾಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. 1948ರವರೆಗೆ ಫೋರ್ಡ್ ಕಾರುಗಳಲ್ಲಿ ಡ್ರೈವ್ ಶಾಫ್ಟ್ ಬಯಲಿಗೆ ಕಾಣುತ್ತಿರಲಿಲ್ಲ. ಅದು ಒಂದು ದಪ್ಪ ಕೊಳವೆಯ ಒಳಗೆ ತಿರುಗುತ್ತಿತ್ತು. ಟಾರ್ಕ್ ಟ್ಯೂಬ್. ಹಿಂದಿನ ಚಕ್ರ ಗಾಡಿಯನ್ನು ಮುಂದಕ್ಕೆ ನೂಕುವುದು ಆ ಕೊಳವೆಯ ಮೂಲಕ. ಕೊಳವೆ ಗೇರ್‌ಬಾಕ್ಸಿನ ಬೆನ್ನಿಗೆ ಒತ್ತುತ್ತದೆ, ಗೇರ್‌ಬಾಕ್ಸ್ ಚಾಸಿಗೆ ಒತ್ತುತ್ತದೆ. ಮೂವತ್ತೊಂಬತ್ತರ ಬಾಕ್ಸು ಬರೀ ಗೇರು ಬದಲಿಸುತ್ತಿರಲಿಲ್ಲ, ಇಡೀ ಗಾಡಿಯನ್ನು ಬೆನ್ನ ಮೇಲೆ ಹೊತ್ತು ನೂಕುತ್ತಿತ್ತು. ಟಿ5ಗೆ ಆ ಕೆಲಸ ಬರುವುದಿಲ್ಲ. ಅದಕ್ಕೆ ಬಯಲು ಶಾಫ್ಟೇ ಆಗಬೇಕು. ಹಳೆಯ ಆಕ್ಸಲನ್ನೇ ಉಳಿಸಿಕೊಂಡು ಕೊಳವೆ ತೆಗೆಯಲು ಕಿಟ್ ಸಿಗುತ್ತದೆ. ಆದರೆ ನೂಕುವ ಕೆಲಸ ಯಾರಾದರೂ ಮಾಡಲೇಬೇಕಲ್ವಾ? ಅದಕ್ಕೆ ಎರಡೂ ಬದಿಗೆ ಹೊಸ ಗಟ್ಟಿ ಸರಳುಗಳು. ಅವುಗಳ ತುದಿ ಹಿಡಿಯಲು ಚಾಸಿಯಲ್ಲಿ ಹೊಸ ಬ್ರಾಕೆಟ್ಟು. ಚಾಸಿಯ ಅಡ್ಡ ತೊಲೆಯಾದ ನಡುವಿನ ಕ್ರಾಸ್‌ಮೆಂಬರನ್ನು ಕತ್ತರಿಸಿ ಹೊಸದನ್ನು ಕೂರಿಸುವುದು.

ಕತ್ತರಿಸುವ ಚಕ್ರ ಹಿಡಿದು ಎರಡು ಶನಿವಾರ ಸುಮ್ಮನೆ ನಿಂತೆ. ಮೂರನೇ ಶನಿವಾರ ಕತ್ತರಿಸಿದೆ. ತೊಂಬತ್ತು ವರ್ಷದ ಉಕ್ಕು. ಕಿಡಿ ಹಾರುವಾಗ ಮನೆ ಕೆಡವುವವನ ಥರ ಅನಿಸಿತು. ಅದನ್ನು ಮತ್ತೆ ಅಂಟಿಸಬಹುದು, ಆದರೆ ಮೊದಲಿನ ಹಾಗಿರುವುದಿಲ್ಲ. ಬೇಕಾದಾಗ ವಾಪಸ್ ಹಾಕಬಹುದು ಅಂತ ನನಗೆ ನಾನೇ ಹೇಳಿಕೊಂಡು ತುಂಡನ್ನು ಗ್ಯಾರೇಜಿನ ಮೂಲೆಯಲ್ಲಿಟ್ಟೆ. ಅದರ ಮೇಲೆ ಈಗ ನಾಯಿಯ ಊಟದ ಡಬ್ಬ ಕೂತಿದೆ.

ಹದಿನೇಳು ಥೌ

ಟಿ5 ಕೂರಿಸಲು ಎಂಜಿನ್ ಹಿಂಭಾಗಕ್ಕೆ ಅಡಾಪ್ಟರ್ ಬೇಕು. 8ಬಿಎಯಲ್ಲಿ ಬೆಲ್ ಹೌಸಿಂಗ್ ಬೇರೆ ತುಂಡು, ಬಿಚ್ಚಿ ತೆಗೆಯಬಹುದು. ಅದಕ್ಕೂ ಹಳೆಯ 59ಎ ಎಂಜಿನ್ನಿನಲ್ಲಾದರೆ ಅದು ಬ್ಲಾಕಿಗೇ ಸೇರಿಕೊಂಡಿರುತ್ತದೆ. ಅಡಾಪ್ಟರ್ ಜೊತೆ ಬಂದ ಕಾಗದದಲ್ಲಿ ಒಂದು ಸೂಚನೆ ಇತ್ತು. ಫ್ಲೈವೀಲಿಗೆ (ಎಂಜಿನ್ ಹಿಂಭಾಗದ ಭಾರದ ಚಕ್ರಕ್ಕೆ) ಡಯಲ್ ಗೇಜ್ ಕಟ್ಟಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಗೇರ್‌ಬಾಕ್ಸ್ ಕೂರುವ ತೂತು ಎಂಜಿನ್ನಿನ ನಡುಗೆರೆಗೆ ಸರಿಯಾಗಿದೆಯೇ ನೋಡಿ. ವ್ಯತ್ಯಾಸ 5 ಥೌ ಮೀರಬಾರದು. ಅಂಗುಲದ ಸಾವಿರದಲ್ಲಿ ಐದು ಪಾಲು. ಮೀರಿದರೆ ಬೇರಿಂಗ್ ಸವೆಯುತ್ತದೆ, ಗೇರು ಹಾರುತ್ತದೆ.

ಗೇರು ಹಾರುತ್ತದೆ. ಆ ಸಾಲನ್ನು ಎರಡು ಸಲ ಓದಿದೆ.

ಹೊಸ ಅಡಾಪ್ಟರನ್ನು ಅಳೆದೆ, 9 ಥೌ ಬಂತು. ಜಾಗ ಹಿಡಿದಿಡುವ ಡೋವೆಲ್ ಪಿನ್ ತೆಗೆದು, ಕೂದಲೆಳೆಯಷ್ಟು ಸರಿಸಿ, ಮತ್ತೆ ಅಳೆದು, ಮತ್ತೆ ಸರಿಸಿ, ಸಂಜೆಯ ಹೊತ್ತಿಗೆ 4ಕ್ಕೆ ತಂದೆ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕೂರಿಸಿದ್ದನ್ನೆಲ್ಲ ಬಿಚ್ಚಿ, ಮೂಲೆಯಲ್ಲಿದ್ದ ಹಳೆಯ ಬೆಲ್ ಹೌಸಿಂಗನ್ನು ಮತ್ತೆ ಎಂಜಿನ್ನಿಗೆ ಕಟ್ಟಿ ಅಳೆದೆ. 17.

ಮೂವತ್ತೊಂಬತ್ತರ ಡಬ್ಬಿ ಅಷ್ಟು ದಿನ ಸೊಂಟ ತಿರುಚಿಕೊಂಡೇ ಕೆಲಸ ಮಾಡುತ್ತಿತ್ತು. ಅದರ ಸೆಕೆಂಡ್ ಸಿಂಕ್ರೋದ ತೋಳು, ಅಂದರೆ ಗೇರನ್ನು ಹಿಡಿದುಕೊಳ್ಳುವ ಬಳೆ, ಸವೆದದ್ದು ನಿಜ. ಬಿಚ್ಚಿದಾಗ ಕಣ್ಣಾರೆ ನೋಡಿದ್ದೇನೆ. ಮಾರಿದವನು ಹೇಳಿದ ರಿಪೇರಿ ಬರೀ ಬಣ್ಣದಲ್ಲೇ ಮುಗಿದಿತ್ತು ಅನ್ನುವುದೂ ನಿಜ. ಆದರೆ ತಪ್ಪಿನಲ್ಲಿ ಎಷ್ಟು ಪಾಲು ಅದರದು, ಎಷ್ಟು ಪಾಲು ಅಳೆಯದೆ ಜೋಡಿಸಿದ ನನ್ನದು? ಎಲ್ ಮಿರಾಜಿನ ಆ ಹಿರಿಯರು ಒಂದೇ ಪ್ರಶ್ನೆ ಕೇಳಿದ್ದರು. ನಾನು ಆಗಲೇ ಅಳೆದಿದ್ದರೆ ಕ್ರಾಸ್‌ಮೆಂಬರ್ ಇನ್ನೂ ತನ್ನ ಜಾಗದಲ್ಲೇ ಇರುತ್ತಿತ್ತೇನೋ. ಆದರೆ ಆಗ ನಡುವಿನ ಆ ಗೇರು ಸಿಗುತ್ತಿರಲಿಲ್ಲ. ಸೆಕೆಂಡು ಹಾರದೆ ನಿಂತಿದ್ದರೂ 3,000 ಸುತ್ತಿನಲ್ಲಿ ಕೂಗುತ್ತಲೇ ನಿಂತಿರುತ್ತಿತ್ತು. ಹೀಗೆ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಅರ್ಧ ಸಮಾಧಾನ ಆಗುತ್ತದೆ. ಆ ಡಬ್ಬಿಗೆ ಹೊಸ ತೋಳು, ಹೊಸ ಬೇರಿಂಗು ಹಾಕಿಸಿದ್ದೇನೆ. ಶೆಲ್ಫಿನ ಮೇಲಿದೆ. ಯಾವ ಗಾಡಿಗೆ ಅಂತ ಹೆಂಡತಿ ಕೇಳುತ್ತಾಳೆ.

ಟಿ5 ಹಾಕಿದ ಮೇಲೆ ಎರಡು ಸಲ ಕಹೋನ್ ಹತ್ತಿದ್ದೇನೆ. ಮೂರನೇ ಗೇರು, 45 ಮೈಲಿ, ಕೈ ತೊಡೆಯ ಮೇಲೆ. ಟ್ರಕ್ಕುಗಳು ನಿಧಾನವಾದರೆ ಕಾಲು ತೆಗೆಯುತ್ತೇನೆ, ಲಿವರ್ ಇದ್ದಲ್ಲೇ ಇರುತ್ತದೆ. ಮೊದಲ ಸಲ ತುದಿ ತಲುಪಿದಾಗ ಬಲಗೈ ಖಾಲಿ ಖಾಲಿ ಅನಿಸಿ ರೇಡಿಯೋ ಇಲ್ಲದ ಡ್ಯಾಶ್‌ಬೋರ್ಡಿನಲ್ಲಿ ಏನೋ ಹುಡುಕಿತು.

ಒಂದು ತೊಂದರೆ ಉಳಿದಿದೆ. ಟಿ5ರಲ್ಲಿ ಫಸ್ಟು ಎಡಕ್ಕೆ, ಮುಂದಕ್ಕೆ. ಜೀಪಿನಲ್ಲಿ ರಿವರ್ಸ್ ಇದ್ದ ಜಾಗ ಅದು. ನನ್ನ ಕೈ ಈಗಲೂ ಎಡಕ್ಕೆ ತಂದು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಅಲ್ಲಿರುವುದು ಸೆಕೆಂಡು. ನಮ್ಮ ಮನೆ ಮುಂದಿನ ರಸ್ತೆ ಸ್ವಲ್ಪ ಇಳಿಜಾರು, ಗಾಡಿ ಹಗುರ, ಫ್ಲ್ಯಾಟ್‌ಹೆಡ್‌ಗೆ ತಳದಿಂದಲೇ ಎಳೆಯುವ ಗುಣ. ಕ್ಲಚ್ ಬಿಟ್ಟರೆ ಒಂದು ಸಣ್ಣ ನಡುಕ, ಆಮೇಲೆ ತಕರಾರಿಲ್ಲದೆ ಹೊರಡುತ್ತದೆ. ತಪ್ಪು ಗೊತ್ತಾಗುವುದು ರಸ್ತೆಯ ತಿರುವಿಗೆ ಬಂದು, ಬಲಕ್ಕೆ ಮುಂದಕ್ಕೆ ದೂಡಿ, ಸೆಕೆಂಡ್ ಹಾಕಿದೆ ಅಂದುಕೊಂಡು ನೋಡಿದರೆ ಆಗಲೇ ಮೂರರಲ್ಲಿ ಇರುವಾಗ.